32 ಜಿಬಿ ಖಾಲಿ ಪೆನ್‌ಡ್ರೈವಿಗೆ 11 ಜಿಬಿ ಮದುವೆ ವಿಡಿಯೋ ಹೋಗ್ತಿಲ್ಲ, ಯಾಕೆ?

ಮಂಡಕ್ಕಿ_ಮಿರ್ಚಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ಮನೆಯಲ್ಲೇ ಕೂತು ಮದುವೆ, ಗೃಹಪ್ರವೇಶದ ವಿಡಿಯೋ ಎಡಿಟಿಂಗ್ ಮಾಡಿಕೊಡುತ್ತೇನೆ. ಮೊನ್ನೆ ಒಂದು ಮದುವೆಯದ್ದು ಮುಗಿಸಿದೆ. ಆರತಕ್ಷತೆ, ಮುಹೂರ್ತ, ಊಟದ ಪಂಕ್ತಿ ಎಲ್ಲ ಸೇರಿ ಒಂದೇ ಫೈಲ್, 11 ಜಿಬಿ. ಪಾರ್ಟಿಯವರಿಗೆ ಕೊಡೋಣ ಅಂತ ಹೊಸ 32 ಜಿಬಿ ಪೆನ್‌ಡ್ರೈವ್ ತಂದೆ. ಒಳಗೆ ಏನೂ ಇಲ್ಲ. ಕಾಪಿ ಮಾಡಲು ಹೋದರೆ ಫೈಲ್ ತುಂಬಾ ದೊಡ್ಡದು ಅನ್ನುತ್ತದೆ. ಅಂಗಡಿಗೆ ಹೋಗಿ ಬದಲಾಯಿಸಿಕೊಂಡು ಬಂದೆ, ಅದೂ ಹಾಗೇ.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಹತ್ತು ಹನ್ನೆರಡು ವರ್ಷದ ಹಳೆಯ ಕೆಲಸ ಎಲ್ಲ ಒಂದು 500 ಜಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿದೆ, 420 ಜಿಬಿ ತುಂಬಿದೆ. ಅದಕ್ಕೂ ಈ ಫೈಲ್ ಹೋಗುವುದಿಲ್ಲ. ಪ್ರಾಪರ್ಟೀಸ್ ನೋಡಿದರೆ ಎರಡರಲ್ಲೂ ಫ್ಯಾಟ್32 ಅಂತಿದೆ. ಫಾರ್ಮ್ಯಾಟ್ ಮಾಡದೆ ಇದನ್ನು ಬೇರೆಯದಕ್ಕೆ ಬದಲಾಯಿಸಲು ಆಗುತ್ತದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ, ನಾನು ಎಡಿಟಿಂಗ್ ಬಿಟ್ಟರೆ ಕಂಪ್ಯೂಟರಿನ ಬೇರೆ ವಿಷಯದಲ್ಲಿ ದಡ್ಡಿ.

ಖಾಲಿ_ದೋಸೆ, ದಾವಣಗೆರೆ

ಫಾರ್ಮ್ಯಾಟ್ ಹೊಡೀರಿ ಅಕ್ಕಾ, ಎರಡು ನಿಮಿಷದ ಕೆಲಸ.

ಮಂಡಕ್ಕಿ_ಮಿರ್ಚಿ

420 ಜಿಬಿ ಯಾರ ಮನೆಯಲ್ಲಿ ಇಡಲಿ, ನಿಮ್ಮ ಮನೆಯಲ್ಲಾ?

ಕಲ್ಲಿನಕೋಟೆ, ಚಿತ್ರದುರ್ಗ

ಮೇಡಂ, ಹಾರ್ಡ್‌ಡಿಸ್ಕಿಗೆ ಇವತ್ತು ರಾತ್ರಿ ಏನೂ ಮಾಡಬೇಡಿ. ಮೊದಲು ಪೂರ್ತಿ ಓದಿ. ದುರ್ಗದಲ್ಲಿ 15 ವರ್ಷದಿಂದ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ‘ಎರಡು ನಿಮಿಷದ ಕೆಲಸ’ ಮಾಡಿಕೊಂಡು ಅಳುತ್ತಾ ಬಂದವರನ್ನು ಬಹಳ ಜನ ನೋಡಿದ್ದೇನೆ.

ಡಿಸ್ಕ್ ಅಂದರೆ ನಿಮ್ಮೂರಿನ ಮೆಕ್ಕೆಜೋಳದ ಗೋಡೌನ್ ಅಂದುಕೊಳ್ಳಿ. ಒಳಗೆ ಒಂದೇ ಅಳತೆಯ ಸಾವಿರಾರು ಅಂಕಣ, ಅದಕ್ಕೆ ಕ್ಲಸ್ಟರ್ ಅನ್ನುತ್ತಾರೆ. ಯಾವ ರೈತನ ಮಾಲು ಯಾವ ಯಾವ ಅಂಕಣದಲ್ಲಿದೆ ಅಂತ ಗುಮಾಸ್ತ ಬರೆದಿಟ್ಟ ಲೆಕ್ಕದ ಪುಸ್ತಕ ಇದೆಯಲ್ಲ, ಅದೇ ಫೈಲ್ ಸಿಸ್ಟಮ್. ಮಾಲು ಎಷ್ಟೇ ಭದ್ರವಾಗಿರಲಿ, ಪುಸ್ತಕ ಹರಿದರೆ ಗೋಡೌನ್ ತುಂಬಾ ಯಾರದ್ದೋ ಮೂಟೆ.

ಫ್ಯಾಟ್32 ಅನ್ನುವುದು ಹಳೇ ಕಾಲದ ಪುಸ್ತಕ. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯ ಜೊತೆ ಬಂದದ್ದು. ಅದರಲ್ಲಿ ಫೈಲಿನ ಅಳತೆ ಬರೆಯುವ ಕಾಲಂ 32 ಬಿಟ್ ಅಗಲ ಅಷ್ಟೇ. ಆ ಕಾಲಂನಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 295. ಅಂದರೆ 4 ಜಿಬಿಗೆ ಒಂದು ಬೈಟ್ ಕಮ್ಮಿ. ಗೋಡೌನಿನಲ್ಲಿ ಜಾಗ ಬೇಕಾದಷ್ಟಿದೆ, ಆದರೆ ನಿಮ್ಮ ಮಾಲಿನ ತೂಕ ಬರೆಯಲು ಕಾಲಂ ಸಾಲುತ್ತಿಲ್ಲ. ಪೆನ್‌ಡ್ರೈವ್ ಬದಲಾಯಿಸಿ ಏನೂ ಉಪಯೋಗ ಇಲ್ಲ, 32 ಜಿಬಿವರೆಗಿನವು ಸಾಮಾನ್ಯವಾಗಿ ಕಂಪನಿಯಿಂದಲೇ ಫ್ಯಾಟ್32 ಆಗಿ ಬರುತ್ತವೆ.

ಮಂಡಕ್ಕಿ_ಮಿರ್ಚಿ

ಅಯ್ಯೋ ದೇವರೇ. ಹಾಗಾದರೆ ನನ್ನ ಹಳೇ ಕ್ಯಾಮೆರಾದಲ್ಲಿ ಇಡೀ ಮುಹೂರ್ತ ನಿಲ್ಲಿಸದೆ ಶೂಟ್ ಮಾಡಿದರೂ ಕಾರ್ಡಿನಲ್ಲಿ 4 ಜಿಬಿ ತುಂಡು ತುಂಡಾಗಿ ಬರುತ್ತಿತ್ತಲ್ಲ, ಅದೂ ಇದಕ್ಕೇನಾ? ನಾನು ಕ್ಯಾಮೆರಾ ಕೆಟ್ಟಿದೆ ಅಂತ ಸರ್ವಿಸಿಗೆ ಕೊಟ್ಟಿದ್ದೆ, ಅವರು ಏನೋ ರಿಪೇರಿ ಮಾಡಿದೆವು ಅಂತ ದುಡ್ಡೂ ತೆಗೆದುಕೊಂಡರು!

ಕಲ್ಲಿನಕೋಟೆ

ಅದಕ್ಕೇ ಮೇಡಂ. 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಕಾರ್ಡುಗಳಲ್ಲಿ ಫ್ಯಾಟ್32 ಇರುತ್ತದೆ. ಕಾಲಂ ತುಂಬುತ್ತಿದ್ದ ಹಾಗೆ ಕ್ಯಾಮೆರಾ ತಾನೇ ಹೊಸ ಫೈಲ್ ಶುರು ಮಾಡುತ್ತದೆ. ಅದಕ್ಕಿಂತ ದೊಡ್ಡ ಎಸ್‌ಡಿಎಕ್ಸ್‌ಸಿ ಕಾರ್ಡುಗಳಲ್ಲಿ ಎಕ್ಸ್‌ಫ್ಯಾಟ್, ಅಂದರೆ ಈ 4 ಜಿಬಿ ಮಿತಿ ಇಲ್ಲದ ಇನ್ನೊಂದು ಪುಸ್ತಕ. ದುಡ್ಡಿನ ವಿಷಯ ನಾನು ಏನೂ ಹೇಳುವುದಿಲ್ಲ, ನಾನೂ ರಿಪೇರಿಯವನೇ.

ಪೆಂಗ್ವಿನ್_ಹುಡುಗ, ದಾವಣಗೆರೆ

ಕಲ್ಲಿನಕೋಟೆ ಅಣ್ಣ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಫ್ಯಾಟ್‌ನಲ್ಲಿ ಒಂದು ಅಂಕಣ ಮುಗಿದರೆ ಮುಂದಿನದು ಯಾವುದು ಅಂತ ಒಂದು ಪಟ್ಟಿ ನೋಡಬೇಕು, ಅಲ್ಲಿಂದ ಮುಂದಿನದು, ಅಲ್ಲಿಂದ ಮತ್ತೆ ಮುಂದಿನದು, ಸರಪಳಿ ಹಾಗೆ. ಮಧ್ಯೆ ಒಂದು ಕೊಂಡಿ ಕಳಚಿದರೆ ಅಲ್ಲಿಂದ ಮುಂದಕ್ಕೆ ಫೈಲ್ ಗಾಯಬ್. ವಿಂಡೋಸಿನ ಇನ್ನೊಂದು ಪುಸ್ತಕ ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂತು, ಅಂದರೆ ಫ್ಯಾಟ್32ಗಿಂತ ವಯಸ್ಸಿನಲ್ಲಿ ದೊಡ್ಡದು! ಆದರೂ ಬುದ್ಧಿವಂತ. ಏನಾದರೂ ಬದಲಾಯಿಸುವ ಮೊದಲು ‘ಹೀಗೆ ಮಾಡಲು ಹೊರಟಿದ್ದೇನೆ’ ಅಂತ ಒಂದು ದಿನಚರಿಯಲ್ಲಿ ಬರೆದುಕೊಳ್ಳುತ್ತದೆ. ಮಧ್ಯೆ ಕರೆಂಟ್ ಹೋದರೆ, ಮತ್ತೆ ಬಂದಾಗ ದಿನಚರಿ ನೋಡಿ ಪುಸ್ತಕ ಸರಿ ಮಾಡಿಕೊಳ್ಳುತ್ತದೆ. ಫ್ಯಾಟ್32, ಎಕ್ಸ್‌ಫ್ಯಾಟ್ ಎರಡಕ್ಕೂ ಈ ಅಭ್ಯಾಸ ಇಲ್ಲ. ವಿಂಡೋಸಿನ ಬದಲು ಹಾಕಿಕೊಳ್ಳುವ ಲಿನಕ್ಸಿನ ಪುಸ್ತಕ ಇಎಕ್ಸ್‌ಟಿ4ಗೆ ಇದೆ. ಎಲ್ಲರೂ ಲಿನಕ್ಸಿಗೆ ಬಂದುಬಿಟ್ಟರೆ…

ಖಾಲಿ_ದೋಸೆ

ಶುರುವಾಯ್ತು ನೋಡ್ರಪ್ಪ.

ನಿವೃತ್ತ_ಮೇಷ್ಟ್ರು, ಹೊಳಲ್ಕೆರೆ

ಕ್ಷಮಿಸಿ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಪಾರ್ಟಿಷನ್ ಅನ್ನುವುದೂ ಫೈಲ್ ಸಿಸ್ಟಮ್ ಅನ್ನುವುದೂ ಒಂದೇನಾ? ನನ್ನ ಲ್ಯಾಪ್‌ಟಾಪಿನಲ್ಲಿ ಸಿ, ಡಿ, ಇ ಅಂತ ಮೂರು ಇವೆ.

ಖಾಲಿ_ದೋಸೆ

ಇದು ನನಗೂ ಗೊತ್ತು ಸರ್, ನಾನು ಹೇಳುತ್ತೇನೆ. 1997ರಲ್ಲಿ ಚಿತ್ರದುರ್ಗ ಜಿಲ್ಲೆಯಿಂದ ದಾವಣಗೆರೆಯನ್ನು ಬೇರೆ ಮಾಡಿದರಲ್ಲ, ಅದು ಪಾರ್ಟಿಷನ್. ಗಡಿ ಎಳೆಯುವುದು ಅಷ್ಟೇ. ಆಮೇಲೆ ಆಯಾ ಜಿಲ್ಲಾ ಕಚೇರಿ ಒಳಗೆ ಕಡತ ಹೇಗೆ ಜೋಡಿಸಿಕೊಳ್ಳುತ್ತಾರೆ ಅನ್ನುವುದು ಫೈಲ್ ಸಿಸ್ಟಮ್. ಒಂದೇ ಡಿಸ್ಕಿನಲ್ಲಿ ಸಿ ಎನ್‌ಟಿಎಫ್‌ಎಸ್ ಇರಬಹುದು, ಡಿ ಫ್ಯಾಟ್32 ಇರಬಹುದು.

ನಿವೃತ್ತ_ಮೇಷ್ಟ್ರು

ಚೆನ್ನಾಗಿ ಹೇಳಿದಿರಿ. ನೀವು ನನ್ನ ಕ್ಲಾಸಿನಲ್ಲಿ ಕೂತಿದ್ದವರೇ ಇರಬೇಕು.

ಕಲ್ಲಿನಕೋಟೆ

ಈಗ ಮೇಡಂ ಕೇಳಿದ ಮುಖ್ಯ ಪ್ರಶ್ನೆ. ಫಾರ್ಮ್ಯಾಟ್ ಮಾಡದೆ ಬದಲಾಯಿಸಲು ಆಗುತ್ತದಾ? ಆಗುತ್ತದೆ, ಆದರೆ ಒಂದೇ ದಿಕ್ಕಿಗೆ. ಫ್ಯಾಟ್32ರಿಂದ ಎನ್‌ಟಿಎಫ್‌ಎಸ್‌ಗೆ. ವಿಂಡೋಸಿನಲ್ಲೇ ಕನ್ವರ್ಟ್ ಅನ್ನುವ ಆಜ್ಞೆ ಇದೆ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಕನ್ವರ್ಟ್ ಅಂತ ಬರೆದು, ಜಾಗ ಬಿಟ್ಟು ಡ್ರೈವಿನ ಅಕ್ಷರ ಮತ್ತು ಎರಡು ಚುಕ್ಕಿ, ಮತ್ತೆ ಜಾಗ ಬಿಟ್ಟು ಓರೆಗೆರೆ, ಎಫ್‌ಎಸ್, ಎರಡು ಚುಕ್ಕಿ, ಎನ್‌ಟಿಎಫ್‌ಎಸ್. ನನ್ನ ಫೋನಿನಲ್ಲಿ ಕನ್ನಡ ಕೀಬೋರ್ಡ್ ಇದೆ, ಅದಕ್ಕೇ ಹೀಗೆ ಹೇಳುತ್ತಿದ್ದೇನೆ, ನೀವು ಇಂಗ್ಲಿಷಿನಲ್ಲಿ ಟೈಪ್ ಮಾಡಿ.

ಅದು ಏನು ಮಾಡುತ್ತದೆ ಅಂದರೆ, ಮೂಟೆಗಳನ್ನು ಎತ್ತಿ ಹೊರಗೆ ಹಾಕುವುದಿಲ್ಲ. ಮೂಟೆ ಬಹುತೇಕ ಇದ್ದಲ್ಲೇ ಇರುತ್ತದೆ. ಗೋಡೌನಿನ ಖಾಲಿ ಜಾಗದಲ್ಲಿ ಕೂತು, ಹಳೇ ಪುಸ್ತಕ ನೋಡಿಕೊಂಡು ಹೊಸ ಪುಸ್ತಕ ಬರೆಯುತ್ತದೆ. ಎಲ್ಲ ಬರೆದು ಮುಗಿದ ಮೇಲೆ ಕೊನೆಗೆ ಬಾಗಿಲಿನ ಬೋರ್ಡ್ ಬದಲಾಯಿಸುತ್ತದೆ, ಇನ್ನು ಮೇಲೆ ಈ ಪುಸ್ತಕ ನೋಡಿ ಅಂತ. ಅದಕ್ಕೇ ಡಿಸ್ಕಿನಲ್ಲಿ ಸ್ವಲ್ಪ ಜಾಗ ಖಾಲಿ ಇರಲೇಬೇಕು, ಇಲ್ಲದಿದ್ದರೆ ಆಗುವುದಿಲ್ಲ ಅಂತ ಹಿಂದೆ ಸರಿಯುತ್ತದೆ. ಹಳೇ ಪುಸ್ತಕದಲ್ಲಿ ತಪ್ಪಿದ್ದರೂ ಅಷ್ಟೇ. ಮೊದಲು ಚೆಕ್‌ಡಿಸ್ಕ್ ಓಡಿಸಿ ಸರಿ ಮಾಡಿಕೊಂಡು ಬಾ ಅನ್ನುತ್ತದೆ.

ವಾಪಸ್ ಎನ್‌ಟಿಎಫ್‌ಎಸ್‌ನಿಂದ ಫ್ಯಾಟ್32ಗೆ ಬರಲು ವಿಂಡೋಸಿನಲ್ಲಿ ದಾರಿ ಇಲ್ಲ, ಫಾರ್ಮ್ಯಾಟ್ ಒಂದೇ. ಹೊಸ ಪುಸ್ತಕದಲ್ಲಿ ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಅನ್ನುವ ಕಾಲಂ ಎಲ್ಲ ಇವೆ, ಹಳೆಯದರಲ್ಲಿ ಅವನ್ನು ಬರೆಯಲು ಜಾಗವೇ ಇಲ್ಲ. ಎಕ್ಸ್‌ಫ್ಯಾಟ್‌ಗೂ ಈ ಕನ್ವರ್ಟ್ ಹೋಗುವುದಿಲ್ಲ.

ಈಗ ಕೆಟ್ಟ ಸುದ್ದಿ. ಎರಡು ಮೂರು ಬೇಸಿಗೆ ಹಿಂದೆ ಒಬ್ಬರು ಡೆಸ್ಕ್‌ಟಾಪಿನಲ್ಲಿ, ಯುಪಿಎಸ್ ಇಲ್ಲದೆ, ಮಧ್ಯಾಹ್ನ ಮೂರು ಗಂಟೆಗೆ ಕನ್ವರ್ಟ್ ಹಾಕಿ ಊಟಕ್ಕೆ ಕೂತಿದ್ದಾರೆ. ಕರೆಂಟ್ ಹೋಯ್ತು. ಬಂದ ಮೇಲೆ ಡಿಸ್ಕ್ ‘ರಾ’ ಅಂತ ತೋರಿಸುತ್ತಿದೆ, ಅಂದರೆ ವಿಂಡೋಸಿಗೆ ಯಾವ ಪುಸ್ತಕವೂ ಓದಲು ಬರುತ್ತಿಲ್ಲ. ರಾ ಆದ ಡಿಸ್ಕಿನ ಮೇಲೆ ಕನ್ವರ್ಟ್ ಕೆಲಸ ಮಾಡುವುದಿಲ್ಲ. ಆ ಹೊತ್ತಿಗೆ ‘ಫಾರ್ಮ್ಯಾಟ್ ಮಾಡಬೇಕಾ’ ಅಂತ ವಿಂಡೋಸ್ ಕೇಳುತ್ತದೆ, ದಯವಿಟ್ಟು ಒತ್ತಬೇಡಿ. ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶದಲ್ಲಿ ಅವರ ಫೋಟೋಗಳನ್ನು ತೆಗೆದುಕೊಟ್ಟೆ. ಆದರೆ ಅದು ಪುಸ್ತಕ ನೋಡುವುದೇ ಇಲ್ಲ, ನೇರವಾಗಿ ಮೂಟೆ ಬಿಚ್ಚಿ ‘ಇದು ಫೋಟೋ, ಇದು ವಿಡಿಯೋ’ ಅಂತ ಗುರುತಿಸುತ್ತದೆ. ಹಾಗಾಗಿ ಫೈಲಿನ ಹೆಸರೂ ಇಲ್ಲ, ಫೋಲ್ಡರೂ ಇಲ್ಲ. ಸಾವಿರಾರು ಫೋಟೋ, ಎಲ್ಲಕ್ಕೂ ಬರೀ ನಂಬರ್. ಯಾವ ಮದುವೆ ಯಾವುದು ಅಂತ ಅವರು ಸೀರೆ ಬಣ್ಣ ನೋಡಿ ಬೇರೆ ಮಾಡುತ್ತಾ ಕೂತರು.

ಮಂಡಕ್ಕಿ_ಮಿರ್ಚಿ

ಓದಿಯೇ ಹೊಟ್ಟೆಯೊಳಗೆ ಏನೋ ಆಯಿತು. ನನ್ನ ಡಿಸ್ಕಿನಲ್ಲಿ ಬೇರೆಯವರ ನೆನಪುಗಳಿವೆ ಸರ್.

ಖಾಲಿ_ದೋಸೆ

ಒಂದು ನಿಮಿಷ. ಕನ್ವರ್ಟ್ ಮಾಡುವ ಮೊದಲು ಕಾಪಿ ಇಟ್ಟುಕೊಳ್ಳಲೇಬೇಕು, ಅಲ್ವಾ? ಕಾಪಿ ಇದ್ದ ಮೇಲೆ ಕನ್ವರ್ಟ್ ಯಾಕೆ, ಫಾರ್ಮ್ಯಾಟ್ ಮಾಡಿ ವಾಪಸ್ ಹಾಕಿಕೊಂಡರಾಯಿತು. ಕಾಪಿ ಇಲ್ಲದಿದ್ದರೆ ಕನ್ವರ್ಟ್ ಮಾಡಲೇಬಾರದು. ಹಾಗಾದರೆ ಈ ಕನ್ವರ್ಟ್ ಯಾರಿಗೋಸ್ಕರ ಇದೆ? ನಾನು ಮೊದಲೇ ಹೇಳಿದೆ, ಫಾರ್ಮ್ಯಾಟ್ ಹೊಡೀರಿ ಅಂತ.

ಕಲ್ಲಿನಕೋಟೆ

ತಮಾಷೆಗೆ ಹೇಳಿದರೂ ಪಾಯಿಂಟ್ ಸರಿ ಇದೆ ತಮ್ಮಾ. ಉಳಿಯುವುದು ಸಮಯ. 420 ಜಿಬಿ, ಹಳೇ ಯುಎಸ್‌ಬಿ 2.0 ಡಿಸ್ಕ್, ಸೆಕೆಂಡಿಗೆ 30 ಎಂಬಿ ಸಿಕ್ಕರೆ ಹೆಚ್ಚು. ಲೆಕ್ಕ ಹಾಕು, ನಾಲ್ಕು ಗಂಟೆ. ಹೊರಗೆ ಹಾಕಲು ನಾಲ್ಕು, ವಾಪಸ್ ತರಲು ನಾಲ್ಕು. ಕನ್ವರ್ಟ್ ಮಾಡಿದರೆ ಎರಡನೇ ನಾಲ್ಕು ಗಂಟೆ ಉಳಿಯುತ್ತದೆ. ಕಾಪಿ ಸುಮ್ನೆ ಪಕ್ಕದಲ್ಲಿರುತ್ತದೆ, ಎಡವಟ್ಟಾದರೆ ಮಾತ್ರ ಬೇಕು.

ಪೆಂಗ್ವಿನ್_ಹುಡುಗ

ಲಿನಕ್ಸಿನಲ್ಲಿ ವಾಪಸ್ ಬರುವ ದಾರಿಯೂ ಇದೆ, ಇದನ್ನು ಹೇಳದೆ ಇರಲು ಆಗುತ್ತಿಲ್ಲ. ಇಎಕ್ಸ್‌ಟಿ4 ಡಿಸ್ಕನ್ನು ಬಿಟಿಆರ್‌ಎಫ್‌ಎಸ್ ಅನ್ನುವ ಇನ್ನೊಂದು ಲಿನಕ್ಸ್ ಪುಸ್ತಕಕ್ಕೆ ಬದಲಾಯಿಸುವ ಒಂದು ಸಾಧನ ಇದೆ. ಅದು ಹೊಸ ಪುಸ್ತಕವನ್ನು ಖಾಲಿ ಜಾಗದಲ್ಲಿ ಬರೆದು, ಹಳೇ ಪುಸ್ತಕವನ್ನೂ ಹಾಗೇ ಒಂದು ಮೂಲೆಯಲ್ಲಿ ಎತ್ತಿಡುತ್ತದೆ. ಇಷ್ಟ ಆಗಲಿಲ್ಲವಾ, ಹಳೆಯದಕ್ಕೆ ವಾಪಸ್ ಹೋಗಬಹುದು. ಆದರೆ ಆ ಮೂಲೆಯನ್ನು ಅಳಿಸಿದರೆ ಮುಗಿಯಿತು. ವಾಪಸ್ ಹೋದರೆ ಮಧ್ಯೆ ಬರೆದ ಹೊಸ ಫೈಲೂ ಇರುವುದಿಲ್ಲ.

ಇನ್ನೊಂದು, ವಿಂಡೋಸ್ ಮತ್ತು ಲಿನಕ್ಸ್ ಎರಡೂ ಹಾಕಿಕೊಂಡವರಿಗೆ. ಹಾಸ್ಟೆಲಿನಲ್ಲಿ ವಾರಕ್ಕೊಬ್ಬ ಬರುತ್ತಾನೆ, ‘ನನ್ನ ಡಿ ಡ್ರೈವ್ ಲಿನಕ್ಸಿನಲ್ಲಿ ಓದುತ್ತೆ, ಬರೆಯಲು ಬಿಡಲ್ಲ’ ಅಂತ. ಫೈಲ್ ಸಿಸ್ಟಮ್ ಹಾಳಾಗಿರುವುದಿಲ್ಲ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮಲಗುವುದಿಲ್ಲ, ಅರೆನಿದ್ದೆ. ಅರ್ಧ ಬರೆದ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಮಲಗಿರುತ್ತದೆ. ಅದನ್ನು ಆಫ್ ಮಾಡಿದರೆ ಸರಿಹೋಗುತ್ತದೆ.

ಮಂಡಕ್ಕಿ_ಮಿರ್ಚಿ

ಪೆನ್‌ಡ್ರೈವ್ ವಿಷಯ ಹೇಳುತ್ತೇನೆ. ಅದರಲ್ಲಿ ಏನೂ ಇರಲಿಲ್ಲವಲ್ಲ, ಬಲಗಡೆ ಕ್ಲಿಕ್ ಮಾಡಿ ಎಕ್ಸ್‌ಫ್ಯಾಟ್ ಆರಿಸಿ ಫಾರ್ಮ್ಯಾಟ್ ಮಾಡಿದೆ. ವಿಡಿಯೋ ಹೋಯಿತು! ಖುಷಿಯಾಗಿ ಪಾರ್ಟಿಯವರಿಗೆ ಕೊಟ್ಟು ಬಂದೆ. ಸಂಜೆ ಫೋನ್. ‘ಟೀವಿಯಲ್ಲಿ ಪೆನ್‌ಡ್ರೈವೇ ಕಾಣುತ್ತಿಲ್ಲ, ಮನೆ ತುಂಬಾ ನೆಂಟರು ಕೂತಿದ್ದಾರೆ’ ಅಂತ. ಅವರ ಟೀವಿ ಏಳೆಂಟು ವರ್ಷ ಹಳೆಯದು.

ಕಲ್ಲಿನಕೋಟೆ

ಹಳೇ ಟೀವಿಗೆ ಎಕ್ಸ್‌ಫ್ಯಾಟ್ ಓದಲು ಬರದೇ ಇರಬಹುದು. 2006ರಲ್ಲಿ ಬಂದದ್ದಾದರೂ ಮೈಕ್ರೋಸಾಫ್ಟ್ ಅದರ ಪೂರ್ತಿ ವಿವರವನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು 2019ರಲ್ಲಿ. ಅದನ್ನು ಹಾಕಲು ಲೈಸೆನ್ಸ್ ಬೇಕಿತ್ತು, ಬಹಳ ಕಂಪನಿಗಳು ಹಾಕಲಿಲ್ಲ. ಅದೇ ಪೆನ್‌ಡ್ರೈವನ್ನು ಎನ್‌ಟಿಎಫ್‌ಎಸ್ ಮಾಡಿ ನೋಡಿ, ಎಷ್ಟೋ ಟೀವಿಗಳು ಅದನ್ನು ಓದುತ್ತವೆ. ಕಾರಿನ ಸ್ಟೀರಿಯೋಗಳಾದರೆ ಬಹುತೇಕ ಫ್ಯಾಟ್32 ಒಂದೇ. ಡಿಸ್ಕ್ ಎಲ್ಲಿಗೆ ಚುಚ್ಚುತ್ತೀರಿ ಅಂತ ಮೊದಲು ಕೇಳಿ, ಆಮೇಲೆ ಫೈಲ್ ಸಿಸ್ಟಮ್ ಆರಿಸಿ. ನಾನು ಅಂಗಡಿಯಲ್ಲಿ ಕೇಳುವುದೇ ಹಾಗೆ, ‘ಸೊಸೈಟಿಗೆ ಹೋಗುವ ಚೀಲವಾ, ಸಂತೆಗೆ ಹೋಗುವ ಚೀಲವಾ?’

ಖಾಲಿ_ದೋಸೆ

ಎಂಪಿ4 ಇದ್ದದ್ದನ್ನು ಎಂಕೆವಿ ಮಾಡಿದರೆ ಆಗಲ್ವಾ ಸರ್? ನಮ್ಮ ಬಾವ ಹಾಗೆ ಮಾಡ್ತಾನೆ.

ಪೆಂಗ್ವಿನ್_ಹುಡುಗ

ಅದು ಫೈಲಿನ ಒಳಗಿನ ಸಮಾಚಾರ. ಇದು ಫೈಲನ್ನು ಇಡುವ ಜಾಗದ ಸಮಾಚಾರ. ಜೋಳವನ್ನು ಹಿಟ್ಟು ಮಾಡಿಸಿದರೆ ಗೋಡೌನಿನ ಪುಸ್ತಕ ಬದಲಾಗುತ್ತದಾ?

ಮಂಡಕ್ಕಿ_ಮಿರ್ಚಿ

ಎನ್‌ಟಿಎಫ್‌ಎಸ್ ಮಾಡಿಕೊಟ್ಟೆ. ಟೀವಿಯಲ್ಲಿ ಬಂತು. ಎರಡನೇ ಸಲ ಆಟೋದಲ್ಲಿ ಹೋಗಿದ್ದು ನನ್ನ ಖರ್ಚು, ಇರಲಿ.

ಈಗ ಹಾರ್ಡ್‌ಡಿಸ್ಕ್. ಅಣ್ಣನ ಹತ್ತಿರ 1 ಟಿಬಿ ಡಿಸ್ಕ್ ಇಸಿದುಕೊಂಡಿದ್ದೇನೆ. ಕಾಪಿ ಮಾಡಿ ಆಮೇಲೆ ಕನ್ವರ್ಟ್ ಮಾಡೋಣ ಅಂತಿದ್ದೆ. ಒಂದು ಅನುಮಾನ. ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬರು ಹುಬ್ಬಳ್ಳಿಯಲ್ಲಿದ್ದಾರೆ, ಅವರದು ಮ್ಯಾಕ್. ಈ ಡಿಸ್ಕ್ ಅಲ್ಲಿಗೂ ಹೋಗುತ್ತದೆ, ಅವರು ಕಲರ್ ಮಾಡಿ ಇದರಲ್ಲೇ ವಾಪಸ್ ಹಾಕಿ ಕಳಿಸುತ್ತಾರೆ.

ಪೆಂಗ್ವಿನ್_ಹುಡುಗ

ನಿಲ್ಲಿಸಿ ನಿಲ್ಲಿಸಿ ಅಕ್ಕಾ! ಮ್ಯಾಕ್ ಎನ್‌ಟಿಎಫ್‌ಎಸ್ ಡಿಸ್ಕನ್ನು ಓದುತ್ತದೆ, ಆದರೆ ಬೇರೆ ತಂತ್ರಾಂಶ ಹಾಕದೆ ಬರೆಯಲು ಆಗುವುದಿಲ್ಲ. ಅವರು ನೋಡಬಹುದು, ವಾಪಸ್ ಹಾಕಲು ಆಗುವುದಿಲ್ಲ. ನಿಮಗೆ ಬೇಕಾದದ್ದು ಎಕ್ಸ್‌ಫ್ಯಾಟ್. ಎರಡೂ ಕಡೆ ಓದುತ್ತದೆ, ಬರೆಯುತ್ತದೆ.

ಕಲ್ಲಿನಕೋಟೆ

ಹುಡುಗ ಹೇಳಿದ್ದು ಸರಿ, ನಾನು ಮೊದಲೇ ಕೇಳಬೇಕಿತ್ತು. ಎಕ್ಸ್‌ಫ್ಯಾಟ್ ಅಂದ ಮೇಲೆ ಕನ್ವರ್ಟ್ ಮರೆತುಬಿಡಿ, ಫಾರ್ಮ್ಯಾಟೇ ಗತಿ. ಅಂದರೆ ಖಾಲಿ ದೋಸೆಯವರು ಮೊದಲನೇ ಸಾಲಿನಲ್ಲಿ ಹೇಳಿದ್ದಕ್ಕೆ ನಾವೆಲ್ಲ ಸುತ್ತಿ ಬಳಸಿ ಬಂದೆವು.

ಖಾಲಿ_ದೋಸೆ

ಸ್ಕ್ರೀನ್‌ಶಾಟ್ ತೆಗೆದು ಫ್ರೇಮ್ ಹಾಕಿಸುತ್ತೇನೆ.

ಕಲ್ಲಿನಕೋಟೆ

ಹಾಕಿಸು. ಮೇಡಂ, ಕಾಪಿ ಆದ ಮೇಲೆ ಮೂಲ ಫೋಲ್ಡರ್ ಮತ್ತು ಕಾಪಿ ಫೋಲ್ಡರ್ ಎರಡರ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಬೈಟುಗಳ ಸಂಖ್ಯೆ ಎರಡೂ ತಾಳೆ ನೋಡಿ. ‘ಸೈಜ್’ ಅನ್ನುವುದು ಒಂದೇ ಇರಬೇಕು. ‘ಸೈಜ್ ಆನ್ ಡಿಸ್ಕ್’ ಬೇರೆ ಇದ್ದರೆ ಗಾಬರಿ ಬೇಡ, ಅಂಕಣದ ಅಳತೆ ಬೇರೆ ಬೇರೆ. ಅಲ್ಲಿ ಇಲ್ಲಿ ನಾಲ್ಕಾರು ವಿಡಿಯೋ ಮಧ್ಯಕ್ಕೆ ಎಳೆದು ಓಡಿಸಿ ನೋಡಿ. ಆಮೇಲೆ ಅಣ್ಣನ ಡಿಸ್ಕನ್ನು ಕಂಪ್ಯೂಟರಿಂದ ಬಿಚ್ಚಿ ಬೇರೆ ಕೋಣೆಯಲ್ಲಿ ಇಡಿ, ಆಮೇಲೆ ಮಾತ್ರ ಹಳೆಯದನ್ನು ಫಾರ್ಮ್ಯಾಟ್ ಮಾಡಿ. ಎರಡೂ ಒಟ್ಟಿಗೆ ಚುಚ್ಚಿದ್ದಾಗ ತಪ್ಪು ಡ್ರೈವನ್ನು ಅಳಿಸಿದವರನ್ನು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ. ಎಕ್ಸ್‌ಫ್ಯಾಟ್‌ಗೆ ದಿನಚರಿ ಇಲ್ಲ ಅಂತ ಹುಡುಗ ಹೇಳಿದನಲ್ಲ, ಹಾಗಾಗಿ ಪ್ರತಿಸಲ ಇಜೆಕ್ಟ್ ಮಾಡಿಯೇ ತೆಗೆಯಿರಿ. ಹುಬ್ಬಳ್ಳಿಯವರಿಗೂ ಹೇಳಿ.

ನಿವೃತ್ತ_ಮೇಷ್ಟ್ರು

ನನ್ನದೂ ಎರಡು ಪ್ರಶ್ನೆ ಇದೆ. ಊರಿನ ಗಾದೆ, ಒಗಟು, ಹಾಡು ಅಂತ ಒಂದೊಂದನ್ನೂ ಒಂದೊಂದು ಚಿಕ್ಕ ಕಡತ ಮಾಡಿ ಇಟ್ಟಿದ್ದೇನೆ, ಸುಮಾರು 3,000 ಇವೆ. ಒಂದೊಂದು 2 ಕೆಬಿ. ಮಗನ 64 ಜಿಬಿ ಪೆನ್‌ಡ್ರೈವಿಗೆ ಹಾಕಿದರೆ 375 ಎಂಬಿ ಹಿಡಿಯಿತು. ಎರಡನೆಯದು, ಮಗ ಹೊಸ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದ್ದಾನೆ. ಅಲ್ಲಿಗೆ ಕಾಪಿ ಮಾಡುವಾಗ ಕೆಲವು ಕಡತಗಳಿಗೆ ಹೆಸರು ಉದ್ದವಾಯಿತು ಅನ್ನುತ್ತದೆ. ವಿಂಡೋಸಿನಲ್ಲಿ ಅದೇ ಹೆಸರು ಚೆನ್ನಾಗಿತ್ತಲ್ಲ?

ಪೆಂಗ್ವಿನ್_ಹುಡುಗ

ಸರ್, ಎರಡೂ ಸಖತ್ ಪ್ರಶ್ನೆ. 64 ಜಿಬಿ ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಇರಬೇಕು. 32 ಜಿಬಿ ದಾಟಿದರೆ ಅದರಲ್ಲಿ ವಿಂಡೋಸ್ ತಾನಾಗಿ ಇಡುವ ಅಂಕಣದ ಅಳತೆ 128 ಕೆಬಿ. ಒಂದು ಅಂಕಣದಲ್ಲಿ ಇಬ್ಬರ ಮಾಲು ಇಡುವಂತಿಲ್ಲ. ನಿಮ್ಮ 2 ಕೆಬಿ ಗಾದೆಗೂ ಒಂದು ಪೂರ್ತಿ ಅಂಕಣ. 3,000 ಸಲ 128 ಕೆಬಿ ಹಾಕಿ ನೋಡಿ, ನಿಮ್ಮ 375 ಎಂಬಿ ಬಂತು. ಎನ್‌ಟಿಎಫ್‌ಎಸ್ ಮಾಡಿದರೆ ಸಾಮಾನ್ಯವಾಗಿ 4 ಕೆಬಿ ಅಂಕಣ, ಸುಮಾರು 12 ಎಂಬಿಯಲ್ಲಿ ಮುಗಿಯುತ್ತದೆ. ಇಲ್ಲವೇ ಎಲ್ಲ ಸೇರಿಸಿ ಒಂದು ಜಿಪ್ ಮಾಡಿ.

ಹೆಸರಿನದು ಕನ್ನಡದವರಿಗೇ ಬರುವ ಕಷ್ಟ. ಎನ್‌ಟಿಎಫ್‌ಎಸ್ ಹೆಸರನ್ನು ಸಂಕೇತದ ಲೆಕ್ಕದಲ್ಲಿ ಎಣಿಸುತ್ತದೆ, 255ರವರೆಗೆ. ಇಎಕ್ಸ್‌ಟಿ4 ಕೂಡ 255 ಅನ್ನುತ್ತದೆ, ಆದರೆ ಅದು ಎಣಿಸುವುದು ಬೈಟ್. ಲಿನಕ್ಸಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಇಂಗ್ಲಿಷಿನವರಿಗೆ 255 ಅಕ್ಷರ ಸಿಕ್ಕರೆ ನಮಗೆ 85 ಸಂಕೇತ. ಅದರಲ್ಲೂ ಕೊಂಬು, ಇಳಿ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ‘ದಾವಣಗೆರೆ’ ಕಣ್ಣಿಗೆ 5 ಅಕ್ಷರ, ಒಳಗೆ 8 ಸಂಕೇತ, 24 ಬೈಟ್. ‘ಚಿತ್ರದುರ್ಗ’ ಕಣ್ಣಿಗೆ 4 ಅಕ್ಷರ, ಒಳಗೆ 10 ಸಂಕೇತ, 30 ಬೈಟ್.

ಕಲ್ಲಿನಕೋಟೆ

ಕೇಳಿಸಿಕೊಂಡಿರಾ ದಾವಣಗೆರೆಯವರೇ? ಅಕ್ಷರ ಕಮ್ಮಿ, ತೂಕ ಜಾಸ್ತಿ.

ಖಾಲಿ_ದೋಸೆ

ಒತ್ತಕ್ಷರದ ತೂಕ ಅದು, ನಿಮ್ಮದಲ್ಲ ಅಣ್ಣಾ.

ಮಂಡಕ್ಕಿ_ಮಿರ್ಚಿ

ಮುಗಿಯಿತು! ಶನಿವಾರ ರಾತ್ರಿ ಕಾಪಿಗೆ ಹಾಕಿ ಮಲಗಿದೆ, ಬೆಳಿಗ್ಗೆ ಎದ್ದು ನೋಡಿದರೆ ಎರಡು ಫೈಲ್ ಓದಲು ಆಗಲಿಲ್ಲ ಅಂತ ಕಿಟಕಿ ತೆರೆದುಕೊಂಡು ನಿಂತಿದೆ. ಚೆಕ್‌ಡಿಸ್ಕ್ ಓಡಿಸಿದೆ, ಒಂದು ಸಿಕ್ಕಿತು. ಇನ್ನೊಂದು ಯಾವುದೋ ನಾಮಕರಣದ ಕಚ್ಚಾ ವಿಡಿಯೋ, ಎಡಿಟ್ ಆಗಿದ್ದು ಬೇರೆ ಇದೆ, ಹಾಗಾಗಿ ಬಿಟ್ಟೆ. ಅಂದರೆ ಡಿಸ್ಕ್ ಒಳಗೊಳಗೇ ಹಾಳಾಗುತ್ತಿತ್ತು, ಕನ್ವರ್ಟ್ ಮಾಡಿದ್ದರೆ ಅರ್ಧದಲ್ಲಿ ಏನಾಗುತ್ತಿತ್ತೋ. ಬೈಟ್ ತಾಳೆ ನೋಡಿ, ಅಣ್ಣನ ಡಿಸ್ಕನ್ನು ದೇವರ ಮನೆಯಲ್ಲಿಟ್ಟು, ಹಳೆಯದನ್ನು ಎಕ್ಸ್‌ಫ್ಯಾಟ್ ಮಾಡಿ, ಮತ್ತೆ ಅರ್ಧ ದಿನ ವಾಪಸ್ ತುಂಬಿದೆ. 11 ಜಿಬಿ ಫೈಲ್ ಹೋಯಿತು. ಅಣ್ಣನ ಡಿಸ್ಕ್ ಮಾತ್ರ ಇನ್ನು ವಾಪಸ್ ಕೊಡುವುದಿಲ್ಲ, ಅವನಿಗೆ ಬೇರೆ ಕೊಡಿಸುತ್ತೇನೆ ಅಂದೆ, ಬೈದ.

ನಿವೃತ್ತ_ಮೇಷ್ಟ್ರು

ನಾನೂ ಒಂದು ಪ್ರಯೋಗ ಮಾಡಿದೆ. ನನ್ನ ಹತ್ತಿರ ಒಂದು ಹಳೇ 8 ಜಿಬಿ ಪೆನ್‌ಡ್ರೈವ್ ಇತ್ತು, ಫ್ಯಾಟ್32. ಕಡತಗಳ ಪ್ರತಿ ಲ್ಯಾಪ್‌ಟಾಪಿನಲ್ಲಿ ಇದ್ದದ್ದರಿಂದ ಧೈರ್ಯವಾಗಿ ಕನ್ವರ್ಟ್ ಆಜ್ಞೆ ಕೊಟ್ಟೆ. ಈಗಿರುವ ವಾಲ್ಯೂಮ್ ಲೇಬಲ್ ಬರೆಯಿರಿ ಅಂತ ಕೇಳಿತು. ನನ್ನ ಹೆಸರು ಹಾಕಿದೆ, ತಪ್ಪು ಅಂದಿತು. ಊರ ಹೆಸರು ಹಾಕಿದೆ, ತಪ್ಪು ಅಂದಿತು. ಹಾಳಾಯಿತೇನೋ ಅಂತ ಬೆವರಿಬಿಟ್ಟೆ.

ಕಲ್ಲಿನಕೋಟೆ

ಏನೂ ಹಾಳಾಗಿಲ್ಲ ಸರ್. ತಪ್ಪು ಡ್ರೈವ್ ಬದಲಾಗದಿರಲಿ ಅಂತ ಅದು ಗುರುತು ಕೇಳುತ್ತದೆ. ಫೈಲ್ ಎಕ್ಸ್‌ಪ್ಲೋರರ್ ತೆರೆದರೆ ಡ್ರೈವಿನ ಅಕ್ಷರದ ಪಕ್ಕದಲ್ಲಿ ಒಂದು ಹೆಸರು ಕಾಣುತ್ತದಲ್ಲ, ಅದೇ ಲೇಬಲ್. ಫ್ಯಾಟ್32ನಲ್ಲಿ 11 ಅಕ್ಷರದವರೆಗೆ ಇಡಬಹುದು. ಅದನ್ನು ನೋಡಿ ಹಾಗೇ ಟೈಪ್ ಮಾಡಿ.

ನಿವೃತ್ತ_ಮೇಷ್ಟ್ರು

ನೋಡಿದೆ. ಮೊಮ್ಮಗಳು ಯಾವಾಗಲೋ ಇಂಗ್ಲಿಷ್ ಅಕ್ಷರದಲ್ಲಿ ‘ಅಜ್ಜಮುಟ್‌ಬೇಡ’ ಅಂತ ಇಟ್ಟಿದ್ದಾಳೆ. ಎಣಿಸಿದೆ, ಸರಿಯಾಗಿ 11. ಅದನ್ನೇ ಟೈಪ್ ಮಾಡಿದೆ, ಕನ್ವರ್ಟ್ ಆಯಿತು.